ಅಪ್ಪನ ಎಡಗಡೆ

ಚಾಳೀಸಿನ ಕಡ್ಡಿಯನ್ನು ಹಿಡಿದಿಡುವ ಪುಟ್ಟ ತಿರುಪು ಬಿದ್ದುಹೋದರೆ ಅದನ್ನು ಹುಡುಕಲಿಕ್ಕೂ ಚಾಳೀಸೇ ಬೇಕು ಎಂಬ ತೊಡಕು ಅದನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಹೊಳೆದಿರಲಿಕ್ಕಿಲ್ಲ. ಸಾಸಿವೆಗಿಂತ ಕಿರಿದಾದ ಆ ಲೋಹಕಣವನ್ನು ಅರಸುತ್ತ ನಾನು ಕುಸನೂರ ರಸ್ತೆಯ ನಮ್ಮ ಮನೆಯ ನೆಲದ ಮೇಲೆ ಅರ್ಧ ಗಂಟೆ ಸಾಷ್ಟಾಂಗವಾಗಿದ್ದೆ. ಸಿಕ್ಕಿದ್ದು ಹೋದ ದೀಪಾವಳಿಯಲ್ಲಿ ಕಳೆದುಹೋಗಿದ್ದ ಹೆಂಡತಿಯ ಬೆಂಡೋಲೆಯ ತಿರುಪು. ಆಕೆ ಪರಮಾನಂದಭರಿತಳಾದಳು, ನಾನು ಕಡ್ಡಿಗೆ ದಾರ ಕಟ್ಟಿಕೊಂಡು ಪತ್ರಿಕೆ ಓದಿದೆ.

ಆ ಚಾಳೀಸು ನನ್ನದಲ್ಲ, ನಮ್ಮ ಅಪ್ಪನದು. ಓದುಗ ಮಹಾಶಯರು ನಗಬಾರದು. ನಮ್ಮ ಮನೆತನದಲ್ಲಿ ಇದೊಂದು ಸಂಪ್ರದಾಯ. ಹಿರಿಯರು ತೀರಿಕೊಂಡಾಗ ಅವರ ಧೋತರ ದಾನಕ್ಕೆ ಹೋಗುತ್ತದೆ, ಚಾಳೀಸು ದೇವರ ಮನೆಯ ಗೂಟಕ್ಕೆ ಹೋಗುತ್ತದೆ. ನಲವತ್ತು ದಾಟಿದ ಮುಂದಿನ ಪೀಳಿಗೆಯವರು ಅದನ್ನು ಭಕ್ತಿಯಿಂದ ಮೂಗಿಗೇರಿಸಿ ಪಂಚಾಂಗದ ಅತಿ ಸಣ್ಣ ಅಕ್ಷರ ಓದಿ ನೋಡಬೇಕು. ಓದಲು ಬಂದರೆ ಕಣ್ಣು ಸರಿಯಿದೆ. ಬರದಿದ್ದರೆ ಆ ವರ್ಷದ ಪಂಚಾಂಗದ ಮುದ್ರಣ ಸರಿಯಿಲ್ಲ. ಈ ನೇತ್ರಶಾಸ್ತ್ರದಲ್ಲಿ ಅನುತ್ತೀರ್ಣರಾದವರು ನಮ್ಮ ವಂಶದಲ್ಲಿ ಇದುವರೆಗೆ ಯಾರೂ ಇರಲಿಲ್ಲ.

ದಾರದ ವೈಭವ ಎರಡು ದಿನಕ್ಕೆ ಮುಗಿದು ನಾನು ಸುಪರ್ ಮಾರ್ಕೆಟ್ಟಿನ ಓಣಿಯಲ್ಲಿರುವ ರಹೀಮಸಾಬರ ಚಷ್ಮಾ ಅಂಗಡಿಗೆ ಹೋದೆ. ಇವರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ನನಗೆ ಪಾಪ ಬರುತ್ತದೆ. ಅಂಗಡಿ ಒಂದು ಬೀರುವಿನಷ್ಟು. ಅದರೊಳಗೆ ಅವರು ಕುಳಿತ ಮೇಲೆ ಗಿರಾಕಿಗೆ ಉಳಿಯುವುದು ಬೀದಿ ಮಾತ್ರ. ಆದರೆ ಚಿಮಟದ ತುದಿಯಲ್ಲಿ ತಿರುಪನ್ನು ಎತ್ತಿ, ಉಸಿರು ಹಿಡಿದು, ಅದರ ಮನೆಯೊಳಗೆ ಇಳಿಸುವಾಗ ಆ ದಪ್ಪ ಬೆರಳುಗಳಲ್ಲಿ ಕಾಣುವ ವಿನಯವನ್ನು ನಾನು ದೊಡ್ಡ ದೊಡ್ಡ ವಿದ್ವಾಂಸರಲ್ಲೂ ಕಂಡಿಲ್ಲ. ಅವರು ಕೆಲಸ ಮುಗಿಸಿ, ಗಾಜನ್ನು ಒರೆಸಿ, ಬೆಳಕಿಗೆ ಹಿಡಿದು, ಸೌಮ್ಯವಾಗಿ ಕೇಳಿದರು: “ಮಾಸ್ತರ್ ಸಾಹೇಬ್, ಕಣ್ಣು ತೋರ್ಸಿ ಎಷ್ಟು ದಿನಾ ಆಯ್ತ್ರೀ?”

ಹೋದ ವರ್ಷವಷ್ಟೇ ಒಂದು ಶಿಬಿರದಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ಶಹಬ್ಬಾಸ್ ಅನ್ನಿಸಿಕೊಂಡದ್ದನ್ನು ನಾನು ಸಾಲಂಕೃತವಾಗಿ ವರ್ಣಿಸಿದೆ.

“ಅದು ಚಷ್ಮಾ ನಂಬರಿನ ಜಾಂಚ್ ರೀ, ಕಣ್ಣಿನದಲ್ಲ. ಒಳಗ ನೋಡ್ಯಾರೇನು? ಔಷಧ ಹಾಕಿ ಪಾಪೆ ಹಿಗ್ಗಿಸಿ, ಕಣ್ಣಿನ ಪ್ರೆಶರ್ ನೋಡಿ, ಹಿಂದಿನ ನರ ನೋಡಿ? ನಲವತ್ತು ದಾಟಿದವ್ರು, ಸಕ್ಕರೆ ಇದ್ದವ್ರು, ಮನ್ಯಾಗ ಹಿರೇರಿಗೆ ಕಣ್ಣಿನ ತ್ರಾಸ ಇತ್ತು ಅನ್ನೋವ್ರು ಏನೂ ಆಗದಿದ್ರೂ ತೋರ್ಸಬೇಕ್ರೀ. ಆದಮ್ಯಾಲೆ ತೋರ್ಸಿದ್ರ ಹೋಗಿದ್ದು ವಾಪಸ್ ಬರೂದಿಲ್ಲ.” ಹೀಗೆಂದು, ಹೊಸ ಚಷ್ಮಾ ಕೊಡಿರೆಂದು ನಾನು ಎಷ್ಟು ಕೇಳಿಕೊಂಡರೂ ಕೊಡದೆ, “ಮೊದ್ಲ ಡಾಕ್ಟರ್, ಆಮ್ಯಾಲೆ ನಾನು” ಎಂದು ಚೀಟಿಯ ಮೇಲೆ ಒಬ್ಬ ವೈದ್ಯೆಯ ವಿಳಾಸ ಬರೆದುಕೊಟ್ಟರು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ವ್ಯಾಪಾರಿಯನ್ನು ನಾನು ಅಂದೇ ಮೊದಲ ಸಲ ನೋಡಿದ್ದು. ನನಗೆ ಸ್ವಲ್ಪ ಸಿಟ್ಟು ಬಂತು, ಬಹಳ ಗೌರವ ಬಂತು.

ವೈದ್ಯೆಗೆ ನನ್ನ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸು. ತಾಳ್ಮೆ ಮಾತ್ರ ನನ್ನ ಅಜ್ಜಿಯದು. ಮೊದಲು ಬೋಗುಣಿಯಂಥ ಬಿಳಿ ಯಂತ್ರದೊಳಗೆ ಮುಖವಿರಿಸಿ, ನಡುವಿನ ಚುಕ್ಕೆಯನ್ನೇ ನೋಡುತ್ತ, ಅಂಚಿನಲ್ಲಿ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು ಎಂದರು. ನಾನು ಬೆಳಕು ಕಂಡಾಗಲೂ ಒತ್ತಿದೆ, ಕಾಣದಿದ್ದಾಗ ಈಗ ಬಂದಿರಬಹುದೆಂದು ಅಂದಾಜಿನಲ್ಲೂ ಒತ್ತಿದೆ. ಸುಳ್ಳು ಒತ್ತಿದ್ದನ್ನೆಲ್ಲ ಯಂತ್ರ ಲೆಕ್ಕವಿಟ್ಟಿತ್ತು. ಮೂವತ್ತು ವರ್ಷ ಭೂಗೋಳ ಕಲಿಸುತ್ತ, ನಕಲು ಮಾಡುವವರ ಕಿವಿ ಹಿಂಡಿದ ನನ್ನನ್ನು ಒಂದು ಬೋಗುಣಿ ಸಿಕ್ಕಿಹಾಕಿಸಿತು. ಎರಡನೆಯ ಸಲ ಪರೀಕ್ಷೆಯನ್ನು ಪ್ರಾಮಾಣಿಕನಾಗಿ ಬರೆದೆ. ಆಮೇಲೆ ಹನಿ ಹಾಕಿ, ಪಾಪೆ ಹಿಗ್ಗಿದ ಮೇಲೆ ದೀಪ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು. ಕಣ್ಣಿನ ಒತ್ತಡ ಹೆಚ್ಚಿದೆ, ನರ ಈಗಷ್ಟೇ ಸವೆಯಲು ಶುರುವಾಗಿದೆ, ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ, ದಿನಾ ಹನಿ ಹಾಕಿಕೊಂಡರೆ ಇದ್ದ ದೃಷ್ಟಿಯನ್ನು ಕಾಯ್ದುಕೊಳ್ಳಬಹುದು ಎಂದರು. ಇದು ನೋಯುವುದಿಲ್ಲ, ಕೆಂಪಾಗುವುದಿಲ್ಲ. ಬದಿಯ ನೋಟವನ್ನು ತಿನ್ನುತ್ತ ಬರುತ್ತದೆ, ನಟ್ಟನಡುವಿನದನ್ನು ಕೊನೆಯವರೆಗೆ ಬಿಡುತ್ತದೆ, ಆದ್ದರಿಂದ ಪಂಚಾಂಗ ಓದುವವನಿಗೆ ತನ್ನ ಕಣ್ಣು ಹೋಗುತ್ತಿರುವುದು ತಿಳಿಯುವುದೇ ಇಲ್ಲ. ನಾಲ್ಕು ದಿಕ್ಕುಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದವನ ಸ್ವಂತ ದಿಕ್ಕುಗಳು ಹೀಗೆ ಸದ್ದಿಲ್ಲದೆ ಒತ್ತುವರಿಯಾಗುತ್ತಿದ್ದವು.

“ನಿಮ್ಮ ಒಡಹುಟ್ಟಿದವ್ರು ಯಾರಾರ ಅದಾರ್ರೀ? ಅವ್ರೂ ಪೂರಾ ಪರೀಕ್ಷಾ ಮಾಡಿಸ್ಕೊಬೇಕು” ಎಂದರು ವೈದ್ಯೆ. ಹಿಗ್ಗಿದ ಪಾಪೆ ಹೊತ್ತು ಕಲಬುರಗಿಯ ಬಿಸಿಲಿಗೆ ಬಂದು ನಿಂತಾಗ ಇಡೀ ಊರು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅದರೊಳಗೆ ನನಗೆ ಕಂಡದ್ದು ಅಕ್ಕನೊಬ್ಬಳೇ.

ಅಕ್ಕ ಕಮಲಾಪುರದಲ್ಲಿದ್ದಾಳೆ. ನನಗಿಂತ ಆರು ವರ್ಷ ಹಿರಿಯಳು, ನಿವೃತ್ತ ಅಂಗನವಾಡಿ ಶಿಕ್ಷಕಿ. ಈಗಲೂ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆಯ ತುಂಡುಗಳನ್ನು ಆಕೆ ಜೋಡಿಸುವ ಚೆಲುವು ನೋಡಿದರೆ ಹೊದ್ದುಕೊಳ್ಳಲು ಮನಸ್ಸಾಗದು. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸುವುದು ಆಕೆಯ ಬಿರುದು. ಕೆಂಬಾಳೆಯ ಚಿಪ್ಪನ್ನು ಅಂಗಡಿಯಲ್ಲಿ ದೂರದಿಂದಲೇ ನೋಡಿ ಯಾವ ಹಣ್ಣು ನಾಳೆಗೆ, ಯಾವುದು ನಾಡಿದ್ದಿಗೆ ಎಂದು ಹೇಳಬಲ್ಲಳು. ಇಂಥವಳಿಗೆ ಕಣ್ಣು ತೋರಿಸಬೇಕು ಎನ್ನುವುದು ಹೇಗೆ? ಫೋನಿನಲ್ಲಿ ಎರಡು ಸಲ ಹೇಳಿದೆ. “ನನ್ನ ಕಣ್ಣಿಗೇನ್ ಧಾಡಿ ಆಗ್ಯದ? ನೀ ನಿನ್ನವು ನೋಡ್ಕೋ ಗುಂಡ್ಯಾ” ಎಂದಳು. ಅರವತ್ತು ದಾಟಿದರೂ ನಾನು ಆಕೆಗೆ ಗುಂಡ್ಯಾ.

ಕಪನೂರಿನ ಕಾರಖಾನೆಗಳನ್ನು ದಾಟಿ ಹುಮನಾಬಾದ್ ದಾರಿಯಲ್ಲಿ ಕಮಲಾಪುರದ ಬಸ್ಸು ಓಡುವಾಗ ನನಗೆ ನಿಜವಾಗಿ ಭಯವಾಗಿತ್ತು. ನಮ್ಮಿಬ್ಬರ ನಡುವೆ ಒಂದು ಹಳೆಯ ಮುಳ್ಳೂ ಇದೆ. ಅಕ್ಕ ಅಂಗನವಾಡಿಯ ಕೆಲಸಕ್ಕೆ ಸೇರುವುದು ಅಪ್ಪನಿಗೆ ಬೇಡವಾಗಿತ್ತು. ಅಕ್ಕ ಹಟ ಹಿಡಿದು ಸೇರಿದಳು, ಇಬ್ಬರಲ್ಲೂ ಮಾತು ನಿಂತಿತು. ಆದರೂ ಅಪ್ಪನ ಕೊನೆಯ ದಿನಗಳಲ್ಲಿ ಬಂದು ಸೇವೆ ಮಾಡಿದವಳು ಆಕೆಯೇ. ಅಡುಗೆ ಮನೆಯಿಂದ ಚಹಾ ತಂದು ಅಪ್ಪನ ಕುರ್ಚಿಯ ಪಕ್ಕ ಮಾತಿಲ್ಲದೆ ನಿಲ್ಲುತ್ತಿದ್ದಳು. ಅಪ್ಪ ಪತ್ರಿಕೆಯಿಂದ ಕತ್ತೆತ್ತುತ್ತಿರಲಿಲ್ಲ. ಅವರಾಗಿ ಕರೆಯಲಿ ಎಂದು ಆಕೆ, ಬಂದದ್ದೇ ತಿಳಿಯದವರಂತೆ ಅವರು. ಒಂದು ದಿನ ಅಪ್ಪನ ಕೈ ತಾಗಿ ಲೋಟ ಉರುಳಿತು. ತನ್ನ ಕೈಯ ಚಹಾವನ್ನು ತಳ್ಳಿಬಿಟ್ಟರು ಎಂದೇ ಅಕ್ಕ ತಿಳಿದಳು, ತೀರಿಕೊಂಡ ಮೇಲೂ ಕ್ಷಮಿಸಲಿಲ್ಲ. ನಾನು ಒಳಗೆ ಕಾಲಿಟ್ಟರೆ ಸಾಕು, ಅದೇ ಅಪ್ಪ “ಬಾರಪ್ಪಾ” ಎಂದು ಮುಖವರಳಿಸುತ್ತಿದ್ದರು. ಇದನ್ನು ನಾನು ನೆಂಟರಿಷ್ಟರಲ್ಲಿ ಆಗಾಗ ಹೇಳಿಕೊಂಡಿದ್ದೇನೆ, ಅಕ್ಕನ ಎದುರಿಗೂ ಹೇಳಿಕೊಂಡಿದ್ದೇನೆ.

ಹೋದೊಡನೆ ಅಕ್ಕ ನನ್ನ ವಾದಕ್ಕೆ ಉತ್ತರವಾಗಿ ಸೂಜಿಗೆ ದಾರ ಪೋಣಿಸಿ ತೋರಿಸಿದಳು. ಭೂಗೋಳ ಸೋತಿತು. ಆಗ ವೈದ್ಯೆ ನನಗೆ ಮಾಡಿದ್ದ ಒಂದು ಸಣ್ಣ ಪ್ರಯೋಗ ನೆನಪಾಗಿ ಎದುರಿಗೆ ಕುಳಿತೆ. ಬಲಗಣ್ಣು ಮುಚ್ಚಿಕೊಂಡು ನನ್ನ ಮೂಗನ್ನೇ ನೋಡು ಎಂದು ಹೇಳಿ, ಬದಿಗೆ ಕೈಯೆತ್ತಿ ಬೆರಳಾಡಿಸುತ್ತ, ಎಷ್ಟು ಬೆರಳು ಎಂದು ಕೇಳಿದೆ.

“ಮೊದ್ಲ ಕೈ ಎತ್ತು, ಆಮ್ಯಾಲೆ ಕೇಳು” ಎಂದಳು ಅಕ್ಕ.

ನಾನು ಬೆರಳಾಡಿಸುತ್ತಲೇ ಇದ್ದೆ. ಆಕೆ ಮುಖ ಹೊರಳಿಸಿದಾಗ ಗಾಳಿಯಲ್ಲಿ ಕುಣಿಯುತ್ತಿದ್ದ ನನ್ನ ನಾಲ್ಕು ಬೆರಳು ಕಂಡವು. ಇಂಥ ಮನೆಯಾಟ ಪರೀಕ್ಷೆಯಲ್ಲವೆಂದು ನನಗೂ ಗೊತ್ತು, ಆದರೆ ಅಕ್ಕ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ವೈದ್ಯೆಯ ಬೋಗುಣಿಯ ಮುಂದೆ ಅಕ್ಕ ನನ್ನಂತೆ ಕಳ್ಳಾಟ ಆಡಲಿಲ್ಲ. ಕಂಡರೆ ಒತ್ತಿದಳು, ಕಾಣದಿದ್ದರೆ ಕಾದಳು. ಆ ನೆಟ್ಟಗಿನ ಬೆನ್ನನ್ನು ನೋಡಿ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೆ ಆದವು. ಎಡಗಣ್ಣಿನ ಅರ್ಧದಷ್ಟು ನೋಟ ಹೋಗಿತ್ತು. ಬಲಗಣ್ಣು ಬಹುಮಟ್ಟಿಗೆ ಉಳಿದಿತ್ತು, ಎಡದ ಕೆಲಸವನ್ನೂ ಸದ್ದಿಲ್ಲದೆ ಹೊತ್ತುಕೊಂಡು ನಡೆಸಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯೋಣ ಎಂದು ವೈದ್ಯೆ ಹನಿಯ ಸೀಸೆ ಕೊಟ್ಟರು. ಫಲಿತಾಂಶದ ಹಾಳೆಯ ಮೇಲಿನ ಕಪ್ಪು ಭಾಗವನ್ನು ಅಕ್ಕ ಬೆರಳಿಂದ ಸವರಿದಳು.

“ಇಲ್ಲಿ ಯಾರರೆ ಬಂದು ನಿಂತ್ರ ಕಾಣ್ಸೂದಿಲ್ಲೇನ್ರೀ?”

“ಈ ಕಣ್ಣಿಗೆ ಕಾಣ್ಸೂದಿಲ್ಲ. ಕಾಣ್ಸಲತ್ತಿಲ್ಲ ಅಂತನೂ ನಿಮಗ ಗೊತ್ತಾಗೂದಿಲ್ರೀ.”

“ನಮ್ಮಪ್ಪಗೂ ಇದೇ ಇತ್ತೇನೋ?”

“ನೋಡದ ಕಣ್ಣಿನ ಮಾತು ಹ್ಯಾಂಗ ಹೇಳ್ಲಿ ಅಮ್ಮಾ? ಇಬ್ರೂ ಮಕ್ಕಳಿಗೆ ಅದ ಅಂದ್ರ, ಇದ್ದಿರಬಹುದು. ಎಡಗಣ್ಣು ಪೂರಾ ಹೋಗಿದ್ರ ಎಡಕ್ಕ ನಿಂತವ್ರು ಅವರಿಗೆ ಕಾಣ್ತಿರಲಿಕ್ಕಿಲ್ಲ.”

ಹೊರಗಿನ ಬೆಂಚಿನ ಮೇಲೆ ಕುಳಿತೆವು. ಕಪ್ಪು ಕನ್ನಡಕ ಹಾಕಿಕೊಂಡ ಅಕ್ಕ ನನ್ನ ಕಡೆಗೆ ತಿರುಗಿದಳು.

“ಗುಂಡ್ಯಾ, ಅಪ್ಪನ ಕುರ್ಚಿಗೆ ಅಡಗಿಮನಿ ಬಾಗಲಾ ಯಾವ ಕಡಿ ಇತ್ತು?”

“ಎಡಕ್ಕ.”

“ಓಣಿ ಬಾಗಲಾ?”

“ಬಲಕ್ಕ.”

“ಹಂಗಾರ ಅವರಿಗೆ ಸಿಟ್ಟಿದ್ದಿಲ್ಲೋ. ನಾ ನಿಂತಿದ್ದೇ ಕಂಡಿಲ್ಲ ಅವರಿಗೆ. ಇಷ್ಟು ವರ್ಷ ನಾನೇ ಸಿಟ್ಟಿಟ್ಟಕೊಂಡು ಕೂತೆ” ಎಂದು ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಕೆ ಅತ್ತದ್ದನ್ನು ನಾನು ಅಪ್ಪ ಹೋದ ದಿನವೂ ನೋಡಿರಲಿಲ್ಲ. ಮಕ್ಕಳಿಬ್ಬರಲ್ಲಿ ಅಪ್ಪನಿಗೆ ನಾನೇ ಹೆಚ್ಚು ಎಂದು ಇಷ್ಟು ಕಾಲ ಬೀಗಿದವನು ನಾನು. ನಾನು ಓಣಿಯ ಬಾಗಿಲಿನಿಂದ ಬರುತ್ತಿದ್ದೆ, ಅಷ್ಟೇ.