ಲೈನ್‌ಮನ್ ಹಾಲೇಶಣ್ಣನ ಒಂಬತ್ತು ಮರಗಳು

ಬೆಳಿಗ್ಗೆ ಗ್ರೂಪಿನಲ್ಲಿ ಫೋಟೋ ಬಂತು...
ಹಾಲೇಶಣ್ಣನದು. ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು.
ಯಾರೋ ತಲೆಕೆಟ್ಟವರ ತಮಾಷೆ ಅಂದುಕೊಂಡು ಬೈದು ಮೆಸೇಜ್ ಹಾಕಿದೆ.
ಆಮೇಲೆ ಅವನ ನಂಬರಿಗೇ ಫೋನ್ ಮಾಡಿದೆ. ಎತ್ತಿದ್ದು ಅವನ ಮಗಳು.
ಬರೀ ಅಳು.

ನಿನ್ನೆ ಸಂಜೆ ಚನ್ನಗಿರಿ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಜೊತೆ ಮಂಡಕ್ಕಿ ತಿಂದವನು.
ಮೆಣಸಿನಕಾಯಿ ಖಾರ ಇಲ್ಲ ಅಂತ ಅಂಗಡಿಯವನ ಜೊತೆ ಜಗಳ ತೆಗೆದವನು.
ಹಾರ್ಟ್ ಅಟ್ಯಾಕ್ ಅಂತೆ. ನಂಬೋದು ಹೇಗೆ...

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹಾಲೇಶಣ್ಣ ಲೈನ್‌ಮನ್. ನಾನು ಮೀಟರ್ ರೀಡರ್. ಊರಿನ ಬೀದಿಗಳನ್ನೆಲ್ಲ ಕಾಲಲ್ಲಿ ಅಳೆದವರು ನಾವು.
ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬಡವರ ಮನೆ ಶುರು... ಇದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೆತ್ತಿಗೇ ಗೊತ್ತಾಗುತ್ತಿತ್ತು.

ಮಳೆಗಾಲಕ್ಕೆ ಮುಂಚೆ ತಂತಿಗೆ ತಾಗುವ ಕೊಂಬೆ ಕಡಿಯುವ ಕೆಲಸ ಇರುತ್ತದೆ. ಜಂಗಲ್ ಕಟಿಂಗ್ ಅಂತೀವಿ.
ಉಳ್ಳವರ ಬಡಾವಣೆಯಲ್ಲಿ ಏಣಿ ಇಟ್ಟ ಕೂಡಲೇ ಗೇಟು ತೆರೆಯುತ್ತಿತ್ತು. ಸ್ವಲ್ಪ ನೋಡಿ ಕಡೀರಿ ಅನ್ನುವವರು, ಮೇಲಿನವರಿಗೆ ಫೋನ್ ಹಚ್ಚುವವರು. ಎರಡು ರೆಂಬೆ ಕಡಿದು ಇವನು ಇಳಿಯುತ್ತಿದ್ದ.

ಅವನು ಹುಟ್ಟಿ ಬೆಳೆದ ನಮ್ಮ ಕಾಲೋನಿಯಲ್ಲಿ ಇದ್ದದ್ದು ಒಂದೇ ಹೊಂಗೆ ಮರ. ಅಂಗನವಾಡಿ ಮುಂದೆ. ತಗಡಿನ ಕೋಣೆ ಕಾದಾಗ ಮಕ್ಕಳು ಅದರ ಕೆಳಗೇ ಕೂರುತ್ತಿದ್ದವು.
ಒಂದು ವರ್ಷ ಅದನ್ನು ಬುಡಕ್ಕೇ ಕಡಿದು ಹಾಕಿದ.
ವರ್ಷ ವರ್ಷ ಹತ್ತುವ ರಗಳೆ ಬೇಡ ಅಂತ. ನಮ್ಮವರೇ ತಾನೇ, ಯಾರು ಕೇಳುತ್ತಾರೆ ಅಂತ.

ಕೇಳಿದರು.
ಅಂಗನವಾಡಿ ಸಹಾಯಕಿ ಕರಿಯಮ್ಮ. ಟೀ ಲೋಟ ಅವನ ಕೈಗೆ ಕೊಟ್ಟು, ಗದರದೆ ಕೇಳಿದಳು.
"ಬಡಾವಣ್ಯಾಗೆ ಕೊಂಬೆ ಕಡೀತೀಯ. ನಮ್ಮ ಬೀದ್ಯಾಗೆ ಮರಾನೇ ಕಡೀತೀಯ. ಅಲ್ಲಿ ಹರಿಯೋ ಕರೆಂಟು ಬ್ಯಾರೆ ಐತೇನಪ್ಪ ಹಾಲೇಶ?"

ಆ ಟೀ ಅವನು ಕುಡಿಯಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.
ಹೊಂಗೆ ಚಿಗುರುವ ಮೊದಲೇ ಬುಡದ ಮೇಲೆ ರಸ್ತೆಯ ಕಾಂಕ್ರೀಟ್ ಬಿತ್ತು.

ಮುಂದಿನ ಭಾನುವಾರ ಸಂತೇಬೆನ್ನೂರಿನ ಕಡೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಸಸಿ ಇಟ್ಟುಕೊಂಡು ಬಂದ. ಕಂಬ ನೆಡುವ ಹಾರೆಯಲ್ಲೇ ಗುಂಡಿ ತೋಡಿದ. ಕಾಲೋನಿಯ ಬೀದಿಯಲ್ಲಿ, ತಂತಿ ಇಲ್ಲದ ಸಾಲಿಗೆ ಒಂಬತ್ತು ಸಸಿ, ಸುತ್ತ ಜಾಲಿ ಮುಳ್ಳು. ಪಾತ್ರೆ ತೊಳೆದ ನೀರು ಒಂದೊಂದು ಮನೆಯಿಂದ ಒಂದೊಂದು ಗಿಡಕ್ಕೆ. ಮರೆತವರಿಗೆ ಕರೆಂಟ್ ಕಟ್ ಮಾಡುತ್ತೇನೆ ಅಂತ ಹೆದರಿಸುತ್ತಿದ್ದ. ಯಾರೂ ಹೆದರುತ್ತಿರಲಿಲ್ಲ, ಆದರೂ ನೀರು ಹಾಕುತ್ತಿದ್ದರು.

ಹಾಲೇಶಣ್ಣ...
ನಿನ್ನ ಮೇಲೆ ಸಿಟ್ಟು ಬರುತ್ತಿದೆ ಮಾರಾಯ. ಹೋಗಲು ಇದೇ ವಾರ ಬೇಕಿತ್ತಾ?
ಬೆಳೆದು ನೆರಳಾಗಿರುವ ಒಂಬತ್ತೂ ಮರಕ್ಕೆ ಪುರಸಭೆಯವರು ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಹೊಸ ಚರಂಡಿಗೆ ಅಡ್ಡ ಅಂತೆ. ಆಕ್ಷೇಪಣೆ ಇದ್ದವರು ಸೋಮವಾರ ಅವರ ಆಫೀಸಿಗೆ ಬಂದು ಹೇಳಬೇಕಂತೆ.
ನೀನು ಟೇಪು ಹಿಡಿದು ಬಡಾವಣೆಗೆ ಹೋದೆ. ನಾನು ಇನ್ನೊಂದು ತುದಿ ಹಿಡಿದೆ.
ಅಲ್ಲಿ ಇದೇ ಚರಂಡಿ ಪ್ರತಿ ಮರದ ಹತ್ತಿರವೂ ಬಳಸಿಕೊಂಡು ಹೋಗಿದೆ. ನಮ್ಮ ಬೀದಿಯಲ್ಲಿ ಮಾತ್ರ ಅದಕ್ಕೆ ನೆಟ್ಟಗೆ ಹೋಗಬೇಕು... ಚರಂಡಿಗೂ ಸೊಂಟ ಬಾಗುವುದು ಮನೆ ನೋಡಿಯೇ!

ಬೀದಿಯವರು ಬುದ್ಧಿ ಹೇಳಿದರು ನಿನಗೆ. ಒಂದು ಕಲ್ಲಿಟ್ಟು ಕುಂಕುಮ ಹಚ್ಚು, ಯಾವನೂ ಮುಟ್ಟಲ್ಲ ಅಂತ. ನನಗೂ ಸರಿ ಅನ್ನಿಸಿತ್ತು.
ನೀನು ಒಪ್ಪಲಿಲ್ಲ.
"ಕಲ್ಲಿಟ್ರೆ ಮರ ಉಳೀತೈತೆ, ನಿಜ. ನಾಳೆ ಕಟ್ಟೆ ಕಟ್ತಾರೆ, ನಾಡಿದ್ದು ಬೇಲಿ ಹಾಕ್ತಾರೆ. ಆಮೇಲೆ ನೀರು ಹಾಕ್ದೋರ್ನೇ ದೂರ ನಿಲ್ರಿ ಅಂತಾರೆ. ನಂಗೆ ಕೈ ಮುಗಿಯೋ ಮರ ಬ್ಯಾಡ. ಕುಂದ್ರಾಕೆ ಮರ ಬೇಕು."

ಅರ್ಜಿ ಬರೆಯಲು ನೀನು ನನಗೆ ಹೇಳಿದೆ, ನಿನ್ನ ಅಕ್ಷರ ಕಾಗೆ ಕಾಲು ಅಂತ. ನಿನ್ನೆ ಮಂಡಕ್ಕಿ ಪೊಟ್ಟಣದ ಪಕ್ಕದಲ್ಲಿಟ್ಟು ನೀನೇ ಪೂರ್ತಿ ಓದಿದೆ. ಎಣ್ಣೆ ಕೈ, ಬೆಳಿಗ್ಗೆ ಸಹಿ ಹಾಕುತ್ತೇನೆ ಅಂದೆ.
ಬೆಳಿಗ್ಗೆ ಫೋಟೋ ಬಂದಾಗ ಆ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು.
ಸಹಿಯ ಜಾಗ ಖಾಲಿ...

ಸ್ನೇಹಿತರೇ,
ಮಧ್ಯಾಹ್ನ ಶಾಮಿಯಾನದವನು ಬಂದಿದ್ದ. ಹಿಂದೆಲ್ಲ ಈ ಬೀದಿಯಲ್ಲಿ ಸಾವಾದರೆ ಮೊದಲು ಅವನಿಗೇ ಹೇಳಬೇಕಿತ್ತು. ಇಲ್ಲದಿದ್ದರೆ ಬಂದವರು ಬಿಸಿಲಲ್ಲೇ ನಿಲ್ಲಬೇಕು.
ಇವತ್ತು ಕರಿಯಮ್ಮನೇ ಅವನನ್ನು ವಾಪಸ್ ಕಳಿಸಿದಳು.
ನಾಲ್ಕು ಮತ್ತು ಐದನೇ ನಂಬರಿನ ಮರಗಳ ಮಧ್ಯೆ ಹಾಲೇಶಣ್ಣ ಮಲಗಿದ್ದಾನೆ. ಊರಿಗೆ ಊರೇ ಬಂದು ಕೂತಿದೆ. ಹೊನ್ನಾಳಿ, ನ್ಯಾಮತಿಯಿಂದ ಬಂದ ನೆಂಟರಿಗೂ ಜಾಗ ಆಗಿದೆ. ಯಾರ ತಲೆಯ ಮೇಲೂ ಬಿಸಿಲಿಲ್ಲ.

ಆ ಖಾಲಿ ಜಾಗದಲ್ಲಿ ಈಗ ಕರಿಯಮ್ಮನ ಸಹಿ ಇದೆ. ಅದರ ಕೆಳಗೆ ಅವನ ಮಗಳದು. ಅದರ ಕೆಳಗೆ ನನ್ನದು. ಹಾಳೆ ಮುಗಿಯಿತು, ಇನ್ನೊಂದು ಪಿನ್ ಮಾಡಿದ್ದೇವೆ.
ಈ ಪೋಸ್ಟಿನ ಕೆಳಗೆ ಕೈಮುಗಿದ ಚಿತ್ರ ಹಾಕಬೇಡಿ. ಹಾರ ತರಬೇಡಿ. ಸೋಮವಾರ ಹನ್ನೊಂದಕ್ಕೆ ಪುರಸಭೆಗೆ ಬನ್ನಿ, ಪೆನ್ನು ತನ್ನಿ.
ಬಡಾವಣೆಯವರೂ ಬನ್ನಿ. ನಿಮ್ಮ ಮರ ಉಳಿಸಿದ ಕೈ ಇದು, ಮರೆಯಬೇಡಿ.
ಚರಂಡಿ ಬಾಗಲೇಬೇಕು. ನಾವು ಬಾಗಿದ್ದು ಸಾಕು.

ಹೋಗಿ ಬಾ ಹಾಲೇಶಣ್ಣ... ನಿನ್ನ ಜೀವ ತಣ್ಣಗಿರಲಿ.
ಶಾಂತಿ ಎಲ್ಲ ನಿನಗೇ ಇರಲಿ. ಸೋಮವಾರದ ತನಕ ನಮಗೆ ಬೇಡ.