ಜೂನಿಯಲ್ಲಿ ಚಹಾಕ್ಕೆ ಇಳಿದವನು

ಚಕ್ರಸರವನ್ನು ಕೊರಿಯರ್ ಮಾಡು ಎಂದು ಭಾವ ಧನರಾಜ್ ಹೇಳಿದ ಮಾತು ಯಾದವನಿಗೆ ಇವತ್ತಿಗೂ ಗಂಟಲಿನಿಂದ ಕೆಳಗೆ ಇಳಿದಿಲ್ಲ. ಅಕ್ಕನ ಮಗಳ ಮದುವೆಯಾಗಿ ಎರಡು ವರ್ಷವಾಯಿತು. ಸಿಟ್ಟು ಮಾತ್ರ ನಿನ್ನೆಯದರ ಹಾಗೆ ಬಿಸಿಯಾಗಿಯೇ ಇದೆ. ಕೊರಿಯರ್ ಅಂತೆ! ಅದೇನು ಮಸಾಲೆ ಪುಡಿಯೇ, ಮೊಬೈಲ್ ಚಾರ್ಜರೇ? ಯಾದವನ ತಾಯಿ ಕೊರಳಲ್ಲಿ ಹಾಕಿಕೊಂಡಿದ್ದ ಚಿನ್ನದ ಸರ ಅದು. ಅವರ ಮನೆಯಲ್ಲಿ ಹೆಣ್ಣುಮಗಳ ಮದುವೆ ಎಂದರೆ ಸೋದರಮಾವನೇ ಆ ಸರವನ್ನು ಕೈಯಾರೆ ತರಬೇಕು, ಹುಡುಗಿ ಧಾರೆ ಮಂಟಪಕ್ಕೆ ಹೋಗುವ ಮೊದಲು ಅವನೇ ಕೊರಳಿಗೆ ಹಾಕಬೇಕು. ಅಕ್ಕ ಸುಗುಣಾಳ ಮದುವೆಯಲ್ಲಿ ಹಾಗೇ ಆಗಿತ್ತು. ಸುಗುಣಾಳ ಮಗಳು ಭವ್ಯಶ್ರೀಯ ಮದುವೆ ನಡೆದದ್ದು ಮೆಲ್ಬರ್ನ್‌ನಲ್ಲಿ. ಸೋದರಮಾವ ಎಂದರೆ ಸಿಡ್ನಿಯ ಯಾದವ, ಬೇರೆ ಯಾರೂ ಇಲ್ಲ.

"ಎಂತ ಮಾರಾಯ, ಫ್ಲೈಟಲ್ಲಿ ಒಂದೂವರೆ ಗಂಟೆಯ ದಾರಿ. ನೀನು ಹನ್ನೊಂದು ಗಂಟೆ ರೈಲಲ್ಲಿ ಕೂತ್ಕೊಂಡು ಬರ್ತೀಯಾ?" ಎಂದ ಧನರಾಜ್ ಫೋನಿನಲ್ಲಿ. "ಹಾಗಾದ್ರೆ ಸರ ಕೊರಿಯರ್ ಮಾಡು, ಇನ್ಶೂರೆನ್ಸ್ ಉಂಟು. ನೀನು ನಿಧಾನಕ್ಕೆ ಬಾ."

"ಸರದ ಜೊತೆ ನನ್ನನ್ನೂ ಪ್ಯಾಕ್ ಮಾಡಿ ಕಳಿಸ್ತೇನೆ ಭಾವ. ಸೈನ್ ಹಾಕಿ ಇಳಿಸ್ಕೊಳ್ಳಿ!" ಎಂದು ಯಾದವ ಫೋನ್ ಕುಕ್ಕಿದ.

ಅವನಿಗೆ ವಿಮಾನದ ಭಯವೇನಿಲ್ಲ, ಅದರ ಮೇಲೆ ಸಿಟ್ಟು ಅಷ್ಟೇ. ಬೆಲ್ಟ್ ಬಿಚ್ಚು, ಶೂ ಬಿಚ್ಚು, ನೀರು ಚೆಲ್ಲು ಎಂದು ಗೋಳು ಹೊಯ್ದುಕೊಂಡು ಒಳಗೆ ಬಿಡುತ್ತಾರೆ, ಆಮೇಲೆ ಕಿಟಕಿಯಲ್ಲಿ ನೋಡಿದರೆ ಬರೀ ಮೋಡ. ರೈಲು ಹಾಗಲ್ಲ. ಯಾದವ ಉಡುಪಿ ಕಡೆಯವನು. ಏಳನೇ ಕ್ಲಾಸಿಗೇ ಪುಸ್ತಕ ಮುಚ್ಚಿ ಮುಂಬೈಯ ಹೋಟೆಲೊಂದರ ಅಡುಗೆಮನೆ ಸೇರಿದ್ದ. ಕೊಂಕಣದ ಹಳಿ ಬಂದ ಮೇಲೆ ವರ್ಷಕ್ಕೆ ಎರಡು ಸಲ ಊರಿಗೆ ಹೋಗಿಬರುವ ಆ ರೈಲೇ ಅವನ ರಜೆ, ಅದೇ ಅವನ ಸಿನಿಮಾ. ಹದಿನಾರು ವರ್ಷದ ಹಿಂದೆ ಅಡುಗೆಯವನ ವೀಸಾದಲ್ಲಿ ಸಿಡ್ನಿಗೆ ಬಂದ, ಅಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕಿತು, ಹ್ಯಾರಿಸ್ ಪಾರ್ಕಿನ ಹೋಟೆಲಿನಲ್ಲಿ ನೀರುದೋಸೆ ಹುಯ್ಯುತ್ತ ಉಳಿದುಕೊಂಡ. ಮಂಗಳವಾರ ರಜೆ. ಆ ದಿನ ಯಾವುದಾದರೂ ರೈಲು ಹತ್ತುತ್ತಾನೆ. ಲಿತ್‌ಗೋ, ನ್ಯೂಕಾಸಲ್, ಬೊಮಡೆರಿ, ಎಲ್ಲಿಯಾದರೂ ಸರಿ, ಕೊನೆಯ ಸ್ಟೇಷನ್ ಆಗಿರಬೇಕು. ಇಳಿದು ಒಂದು ಚಹಾ ಕುಡಿದು ಅದೇ ರೈಲಿನಲ್ಲಿ ವಾಪಸ್.

"ಯಾದವಣ್ಣ, ನಿನ್ನೆ ಲಿತ್‌ಗೋನಲ್ಲಿ ಏನ್ ನೋಡ್ಕೊಂಡ್ ಬಂದ್ರಿ?" ಎಂದು ಹೋಟೆಲಿನ ಕೌಂಟರಿನಲ್ಲಿ ನಿಲ್ಲುವ ಬೆಂಗಳೂರಿನ ಮನೋಜ್ ಕೆಣಕುತ್ತಾನೆ.

"ಸ್ಟೇಷನ್."

"ಅಷ್ಟಕ್ಕೆ ಐದು ಗಂಟೆ ಟ್ರಾವೆಲ್ಲಾ? ನಮ್ಮ ಪ್ಯಾರಮಟ್ಟ ಸ್ಟೇಷನ್ ಪಾಪ ಏನ್ ತಪ್ಪು ಮಾಡಿತ್ತು?"

"ನಿಂಗೆ ಗೊತ್ತಾಗ್ಲಿಕ್ಕಿಲ್ಲ. ಹೋಗು, ಬಿಲ್ ಹಾಕು."

ಹೀಗಿದ್ದವನು ಮದುವೆಯ ಹಿಂದಿನ ದಿನ ಬೆಳಿಗ್ಗೆ ಸಿಡ್ನಿಯ ಸೆಂಟ್ರಲ್ ಸ್ಟೇಷನ್‌ನಲ್ಲಿ ಮೆಲ್ಬರ್ನ್ ರೈಲು ಹತ್ತಿದ. ಕೈಯಲ್ಲಿ ಒಂದು ಕೆಂಪು ಬ್ಯಾಗ್, ಅದರೊಳಗೆ ಸ್ಟೀಲ್ ಡಬ್ಬಿ. ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿದ ಚಕ್ರಸರ, ಅದರ ಮೇಲೆ ಕಂಠಮಟ್ಟ ಕೋಳಿರೊಟ್ಟಿಯ, ಅಂದರೆ ಕೋಳಿಸಾರಿಗೆ ನೆನೆಸಿ ತಿನ್ನುವ ಅಕ್ಕಿಯ ಒಣರೊಟ್ಟಿಯ, ಗರಿಗರಿ ಚೂರು. ಯಾವ ಕಳ್ಳ ಬಂದರೂ ರೊಟ್ಟಿ ತಿಂದು ಹೋದಾನೇ ಹೊರತು ಚಿನ್ನ ಅವನ ಕೈಗೆ ಸಿಗದು. ಈ ಉಪಾಯಕ್ಕೆ ಯಾದವ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

ಪಕ್ಕದ ಸೀಟಿನಲ್ಲಿ ಎಪ್ಪತ್ತು ದಾಟಿದ ಅಮೆರಿಕದ ಮುದುಕ. ಹೆಸರು ವೆಂಡೆಲ್. ಒಹಾಯೊದಲ್ಲಿ ಶಾಲಾ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತನಾದವನು. ಬೆರಳ ಸಂದಿಯಲ್ಲಿ ಗ್ರೀಸಿನ ಕಪ್ಪು ಇನ್ನೂ ಉಳಿದಿತ್ತು.

"ವಿಮಾನದಲ್ಲಿ ಯಾಕೆ ಹೋಗಲಿಲ್ಲ ನೀನು?" ಎಂದು ವೆಂಡೆಲ್ ಕೇಳಿದ.

"ನೀನ್ಯಾಕೆ ಹೋಗ್ಲಿಲ್ಲ?" ಎಂದು ಯಾದವ ತಿರುಗಿಸಿದ.

ಇಬ್ಬರೂ ನಕ್ಕರು. ಅಲ್ಲಿಗೆ ಪರಿಚಯ ಮುಗಿಯಿತು, ಸ್ನೇಹ ಶುರುವಾಯಿತು. ಯಾದವನ ಇಂಗ್ಲಿಷ್ ಅಡುಗೆಮನೆಯ ಇಂಗ್ಲಿಷ್, ಆದರೂ ರೈಲಿನ ವಿಷಯಕ್ಕೆ ಅದು ಧಾರಾಳ ಸಾಕಾಯಿತು. ವೆಂಡೆಲ್ ಇಪ್ಪತ್ತಾರನೆಯ ವಯಸ್ಸಿನಲ್ಲಿ ಮೀನು ಹಿಡಿಯಲು ಕೆನಡಾಕ್ಕೆ ಹೋದವನು ಮೀನು ಬಿಟ್ಟು ರೈಲು ಹಿಡಿದನಂತೆ. ಅಲ್ಲಿಂದ ಇಪ್ಪತ್ತಮೂರು ಸಲ ಗಡಿ ದಾಟಿದ್ದಾನೆ, ಎಲ್ಲವೂ ರೈಲು ಹತ್ತಲಿಕ್ಕೇ. ಟೊರೊಂಟೊದಿಂದ ವ್ಯಾಂಕೂವರ್‌ಗೆ ನಾಲ್ಕು ರಾತ್ರಿ. ಗಾಜಿನ ಮಾಡಿನ ಬೋಗಿಯಲ್ಲಿ ಕೂತು ಬೆಟ್ಟ ನೋಡುತ್ತ ನಿದ್ದೆಯನ್ನೇ ಮರೆತಿದ್ದ. ಉತ್ತರದ ಕೊನೆಯ ಊರು ಚರ್ಚಿಲ್‌ಗೆ ಹೋಗುವ ರೈಲು ಮೆತ್ತನೆಯ ನೆಲದ ಮೇಲೆ ಬಸುರಿಯ ಹಾಗೆ ನಿಧಾನಕ್ಕೆ ನಡೆಯುತ್ತದಂತೆ. ಪ್ರತಿ ಸ್ಟೇಷನ್ನಿನ ಹೆಸರು, ಹೊತ್ತು, ತಿಂದದ್ದು, ಮಾತಾಡಿದವರು, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ.

"ಕಾಡಿನ ನಡುವೆ ಕೆಲವು ಕಡೆ ಸ್ಟೇಷನ್ನೇ ಇಲ್ಲ," ಎಂದ. "ಹಳಿ ಪಕ್ಕ ನಿಂತು ಕೈ ಬೀಸಿದರೆ ರೈಲು ನಿಲ್ಲುತ್ತದೆ. ದೋಣಿ ಹೊತ್ತು ನಿಂತವರನ್ನೂ ಹತ್ತಿಸಿಕೊಳ್ಳುತ್ತದೆ."

ಯಾದವ ತೊಡೆ ತಟ್ಟಿದ. "ನಮ್ಮೂರ ಸರ್ವಿಸ್ ಬಸ್ಸೇ ಅದು!"

"ಹಾಗಾದರೆ ಈ ಸಲ ಕೆನಡಾ ಬಿಟ್ಟು ಇಲ್ಲಿಗೆ ಯಾಕೆ?" ಎಂದು ಅವನೇ ಮತ್ತೆ ಕೇಳಿದ.

ವೆಂಡೆಲ್ ನೋಟ್‌ಬುಕ್ ಮುಚ್ಚಿ ಜೇಬಿಗಿಟ್ಟ. ಪ್ರತಿ ಸಲ ಹೆಂಡತಿ ಜೊತೆಗಿದ್ದಳು. ಹೋದ ವರ್ಷ ತೀರಿಕೊಂಡಳು. ಆ ಹಳಿಯ ಮೇಲೆ ಒಬ್ಬನೇ ಕೂರಲು ಧೈರ್ಯ ಬರಲಿಲ್ಲ, ಅದಕ್ಕೆ ಅವಳು ನೋಡದ ಹಳಿ ಹುಡುಕಿಕೊಂಡು ಬಂದೆ ಎಂದ. ನಾಳೆ ಬೆಳಿಗ್ಗೆ ಮೆಲ್ಬರ್ನ್‌ನಿಂದ ಅಡಿಲೇಡ್ ರೈಲು, ಅಲ್ಲಿಂದ ಪರ್ತ್‌ಗೆ ಇನ್ನೊಂದು. ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಿದ್ದು.

ಯಾದವನಿಗೆ ಎದೆ ತುಂಬಿತು. ಪ್ರತಿಯಾಗಿ ತನ್ನದೂ ಏನಾದರೂ ಹೇಳಬೇಕಲ್ಲ? ಮದುವೆ, ಸೋದರಮಾವ, ಚಕ್ರಸರ, ಕೊರಿಯರ್ ಎಂದ ಭಾವ, ಎಲ್ಲ ಹೇಳಿದ. ಡಬ್ಬಿಯ ಮುಚ್ಚಳ ತೆಗೆದು ಒಂದು ರೊಟ್ಟಿ ಚೂರು ಕೊಟ್ಟು, ತಳಕ್ಕೆ ಬೆರಳು ತೋರಿಸಿ ಕಣ್ಣು ಮಿಟುಕಿಸಿದ.

ಮಧ್ಯಾಹ್ನ ಒಂದೂವರೆಗೆ ಜೂನಿ ಬಂತು. ಜೂನಿ ಎಂದರೆ ಹಳೆಯ ಜಂಕ್ಷನ್, ಇಟ್ಟಿಗೆಯ ದೊಡ್ಡ ಕಟ್ಟಡ. ಯಾದವನ ಲೆಕ್ಕದಲ್ಲಿ ಜಂಕ್ಷನ್ನಿಗೆ ಒಂದೇ ಅರ್ಥ: ರೈಲು ಹತ್ತು ನಿಮಿಷ ನಿಲ್ಲುತ್ತದೆ, ಇಳಿದು ಚಹಾ ಕುಡಿಯಬೇಕು. ಹತ್ತು ವರ್ಷ ಊರಿನ ದಾರಿಯ ಮಡಗಾಂವ್‌ನಲ್ಲಿ ಇಳಿದು ಚಹಾ ಕುಡಿದ ಕಾಲುಗಳು ತಾವಾಗಿ ಎದ್ದವು.

"ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಈಗಷ್ಟೇ ಮೈಕಿನಲ್ಲಿ ಹೇಳಿದರು," ಎಂದ ವೆಂಡೆಲ್.

"ಜಂಕ್ಷನ್!" ಎಂದು ಯಾದವ ಅವನಿಗೇ ಪಾಠ ಹೇಳಿದ. "ಬ್ಯಾಗ್ ಸ್ವಲ್ಪ ನೋಡ್ಕೋ, ನಿಂಗೂ ಒಂದು ಚಹಾ ತರ್ತೇನೆ."

ಪ್ಲಾಟ್‌ಫಾರ್ಮಿನಲ್ಲಿ ಹತ್ತು ಹೆಜ್ಜೆ ಹಾಕಿರಲಿಕ್ಕಿಲ್ಲ. ಹಿಂದೆ ಬಾಗಿಲು ಮುಚ್ಚಿದ ಸದ್ದು. ತಿರುಗಿ ನೋಡಿದರೆ ರೈಲು ಚಲಿಸುತ್ತಿದೆ! ಯಾದವ ಓಡಿದ. ಎರಡೂ ಕೈ ಮೇಲೆತ್ತಿ ಬೀಸಿದ. ಇದೇನು ಕೆನಡಾದ ಕಾಡೇ? ರೈಲು ತನ್ನ ಪಾಡಿಗೆ ತಾನು ಹೋಯಿತು. ಹೋಗುವಾಗ ಅವನ ಕಿಟಕಿ ಅವನ ಕಣ್ಣೆದುರೇ ದಾಟಿತು. ಒಳಗೆ ವೆಂಡೆಲ್ ಎದ್ದು ನಿಂತಿದ್ದ. ಕೆಂಪು ಬ್ಯಾಗನ್ನು ಮೇಲಿನಿಂದ ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಯಾದವನ ತಲೆಯೊಳಗೆ ಬೇರೇನೂ ಉಳಿಯಲಿಲ್ಲ. ಡಬ್ಬಿಯ ತಳದಲ್ಲಿ ಏನಿದೆ ಎಂದು ಆ ಮುದುಕನಿಗೆ ತಾನೇ ತೋರಿಸಿಕೊಟ್ಟಿದ್ದ!

"ಕಳ್ಳ! ನನ್ನ ಚಿನ್ನ ಕದ್ದ! ಅಮೆರಿಕದ ಮುದುಕ!" ಎಂದು ಸ್ಟೇಷನ್ನಿನಲ್ಲಿ ಡ್ಯೂಟಿಯಲ್ಲಿದ್ದ ಹೆಂಗಸಿನ ಎದುರು ನಿಂತು ಕಿರುಚಿದ.

"ನಿಮಗೋಸ್ಕರ ತೆಗೆದಿಟ್ಟುಕೊಂಡಿರಬಹುದಲ್ಲವೇ?" ಎಂದು ಅವಳು ಮೆಲ್ಲಗೆ ಕೇಳಿದಳು.

"ನನ್ನ ಈ ಎರಡು ಕಣ್ಣಿನಲ್ಲಿ ನೋಡಿದ್ದೇನೆ! ಪೊಲೀಸಿಗೆ ಫೋನ್ ಮಾಡ್ತೀಯೋ, ನಾನೇ ಮಾಡ್ಲೋ?"

ಅವಳು ಮಾಡಿದಳು. ಹೆಸರು, ವಯಸ್ಸು, ಸೀಟ್ ನಂಬರ್, ಬ್ಯಾಗಿನ ಬಣ್ಣ, ಒಳಗಿನ ಸರ, ಎಲ್ಲವನ್ನೂ ಯಾದವ ಫೋನಿಗೆ ಬಾಯಿಟ್ಟು ತಾನೇ ಹೇಳಿದ. ಮುಂದಿನ ಸ್ಟೇಷನ್ ವಾಗಾ, ಅರ್ಧ ಗಂಟೆಯ ದಾರಿ. ಟ್ಯಾಕ್ಸಿ ಬರುವುದೇ ತಡವಾಯಿತು. ಅದರಲ್ಲಿ ಕೂತು ಭಾವನಿಗೆ ಫೋನ್ ಮಾಡಿದ.

"ಕೊರಿಯರ್ ಮಾಡು ಅಂತ ಬಡ್ಕೊಂಡೆ ನಾನು!" ಎಂದು ಧನರಾಜ್ ಗುಡುಗಿದ. "ವಾಗಾದಿಂದ ಐದು ಗಂಟೆಗೆ ಮೆಲ್ಬರ್ನ್‌ಗೆ ಫ್ಲೈಟ್ ಉಂಟು, ಬುಕ್ ಮಾಡ್ತೇನೆ. ಸರ ಸಿಕ್ಕಿದ್ರೂ ಹತ್ತು, ಸಿಗದಿದ್ರೂ ಹತ್ತು." ಹಿಂದಿನಿಂದ ಭವ್ಯಶ್ರೀಯ ದನಿ ಕೇಳಿತು. "ಮಾಮಾ, ಇಟ್ಸ್ ಓಕೆ, ನೀವ್ ಬನ್ನಿ ಸಾಕು," ಎನ್ನುತ್ತಿದ್ದಳು. ಅವಳು ಅಳುತ್ತಿದ್ದಳೆಂದು ಯಾದವನಿಗೆ ಗೊತ್ತಾಯಿತು. ಸಿಟ್ಟು ಇನ್ನೂ ನೆತ್ತಿಗೇರಿತು. ಸಿಗಲಿ ಆ ಮುದುಕ!

ವಾಗಾ ಸ್ಟೇಷನ್ ಮುಟ್ಟುವಾಗ ಮೂರೂಮುಕ್ಕಾಲು. ಟ್ಯಾಕ್ಸಿಯನ್ನು ಹೊರಗೇ ನಿಲ್ಲಿಸಿ ಒಳಗೆ ನುಗ್ಗಿದ. ಒಂದು ಸಣ್ಣ ಕೋಣೆಯಲ್ಲಿ ಇಬ್ಬರು ಪೊಲೀಸರ ನಡುವೆ ವೆಂಡೆಲ್ ಕೂತಿದ್ದ, ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು. ಮೇಜಿನ ಮೇಲೆ ಕೆಂಪು ಬ್ಯಾಗ್, ಡಬ್ಬಿ, ಕಾಗದದ ಮೇಲೆ ಸುರಿದ ರೊಟ್ಟಿ ಚೂರು, ಅದರ ಪಕ್ಕದಲ್ಲಿ ಚಕ್ರಸರ. ಇನ್ನೊಂದು ಬದಿಯಲ್ಲಿ ವೆಂಡೆಲ್‌ನ ಜೇಬಿನ ಸಾಮಾನು: ಮಾತ್ರೆಯ ಡಬ್ಬಿ, ಕರವಸ್ತ್ರ, ನೋಟ್‌ಬುಕ್, ನಾಳೆಯ ಟಿಕೆಟ್.

"ಸರ ನಿಮ್ಮದೇ ತಾನೆ?" ಎಂದು ಹಿರಿಯ ಪೊಲೀಸಿನವಳು ಕೇಳಿದಳು. ಯಾದವ ತಲೆಯಾಡಿಸಿದ. ಅವಳು ಒಂದು ಚೀಟಿಯನ್ನು ಅವನ ಮುಂದೆ ಹಿಡಿದಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ. ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು, ಯಾದವನೂ ಓದಬಲ್ಲಷ್ಟು ದೊಡ್ಡದಾಗಿ: ಈ ಬ್ಯಾಗ್ ಯಾದವನದು, ಅವನು ಜೂನಿಯಲ್ಲಿ ಉಳಿದುಬಿಟ್ಟಿದ್ದಾನೆ, ನಾಳೆ ಮದುವೆಗೆ ಇದು ಬೇಕು, ಅವನು ಬರುವ ತನಕ ನಾನು ಇಲ್ಲಿ ಕಾಯುತ್ತೇನೆ.

"ಇದನ್ನು ಬ್ಯಾಗಿಗೆ ಸಿಕ್ಕಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು," ಎಂದಳು. "ರೈಲಿನವರಿಗೂ ಹೇಳಿಯೇ ಇಳಿದಿದ್ದಾರೆ. ಇವರ ಸೂಟ್‌ಕೇಸ್ ಮೆಲ್ಬರ್ನ್‌ಗೆ ಹೋಯಿತು, ಇವರು ಇಲ್ಲಿ ಉಳಿದರು. ಆದರೆ ನೀವು ಕಳ್ಳತನದ ದೂರು ಕೊಟ್ಟಿದ್ದೀರಿ. ನೀವು ಬರುವ ತನಕ ಇವರನ್ನು ಬಿಡುವ ಹಾಗಿರಲಿಲ್ಲ. ದೂರು ವಾಪಸ್ ತೆಗೆದುಕೊಳ್ಳುತ್ತೀರಾ?"

ಯಾದವ ಚೀಟಿಯನ್ನು ಇನ್ನೊಮ್ಮೆ ಓದಿದ. ಬ್ಯಾಗ್ ನೋಡ್ಕೋ ಎಂದು ಹೇಳಿ ಇಳಿದವನೇ ತಾನು! ಎರಡು ಗಂಟೆಯಿಂದ ಒಂದು ಸಲವೂ ಅದು ನೆನಪಿಗೆ ಬರಲಿಲ್ಲವಲ್ಲ? ಹೌದು, ವಾಪಸ್, ಎಂದು ಹೇಗೋ ಹೇಳಿದ. ತೋರಿಸಿದಲ್ಲಿ ಸೈನ್ ಹಾಕಿದ.

"ಇವರಿಗೆ ಏನಾದರೂ ಹೇಳುವುದಿದೆಯೇ?" ಎಂದು ಅವಳು ಕೇಳಿದಳು.

ವೆಂಡೆಲ್ ತಲೆಯೆತ್ತಿ ನೋಡಿದ. ಬೈಗುಳವಿದ್ದಿದ್ದರೆ ಯಾದವ ತಡೆದುಕೊಳ್ಳುತ್ತಿದ್ದ, ಆ ಕಣ್ಣಿನಲ್ಲಿ ಅದಿರಲಿಲ್ಲ. ಹೊಡೆಯುವ ಕೈ ನೋಡಿದ ಮಗುವಿನ ಹಾಗೆ ಗಾಬರಿ ಇತ್ತು. ಒಂದು ಮಾತು ಸಾಕಿತ್ತು, ಎರಡೇ ಅಕ್ಷರದ್ದು. ಸಿಡ್ನಿಗೆ ಬಂದಾಗಿನಿಂದ ಬಸ್ಸಿನಲ್ಲಿ ಕಾಲು ತಗುಲಿದವರಿಗೆಲ್ಲ ದಿನಕ್ಕೆ ಹತ್ತು ಸಲ ಹೇಳುವ ಆ ಸಾರಿ ಎಂಬ ಮಾತು. ಆದರೆ ನಾಚಿಕೆಯಾದಾಗ ಯಾದವನ ಬಾಯಿಂದ ಬರುವುದು ಸಿಟ್ಟೊಂದೇ.

"ನೀನ್ಯಾಕೆ ಎದ್ದೆ? ಸುಮ್ನೆ ಕೂತಿರ್ಬೇಕಿತ್ತು ನಿನ್ನ ಸೀಟಲ್ಲಿ!" ಎಂದು ಕೂಗಿಬಿಟ್ಟ.

ಪೊಲೀಸಿನವಳ ಹುಬ್ಬು ಮೇಲೇರಿತು. ತನ್ನ ಬಾಯಿಂದ ಬಂದದ್ದು ಕೇಳಿ ಯಾದವನೇ ದಂಗಾಗಿ ನಿಂತ. ವೆಂಡೆಲ್ ಮಾತ್ರ ನಿಧಾನಕ್ಕೆ ಎದ್ದು, ರೊಟ್ಟಿ ಚೂರುಗಳನ್ನು ಒಟ್ಟುಮಾಡಿ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಬ್ಯಾಗನ್ನು ಅವನ ಕಡೆಗೆ ಸರಿಸಿದ.

"ಹೊರಡು," ಎಂದ. "ಹುಡುಗಿ ಕಾಯುತ್ತಿರುತ್ತಾಳೆ."

ಹೊರಗೆ ಟ್ಯಾಕ್ಸಿಯವನು ಹಾರನ್ ಹೊಡೆದ. ಯಾದವ ಬ್ಯಾಗ್ ಎತ್ತಿಕೊಂಡು ಓಡಿದ.

ಮರುದಿನ ಮುಹೂರ್ತಕ್ಕೆ ಮೊದಲು ಸೋದರಮಾವ ಸರ ಹಾಕಿದ. ಭವ್ಯಶ್ರೀ ಕಾಲು ಮುಟ್ಟಿ ನಮಸ್ಕರಿಸಿದಳು, ಸುಗುಣಾ ಕಣ್ಣೊರೆಸಿಕೊಂಡಳು, ಧನರಾಜ್ ಜೂನಿಯ ಕತೆಯನ್ನು ಪಂಕ್ತಿಗೆಲ್ಲ ಹೇಳಿ ನಗಿಸಿದ. ಪೊಲೀಸರ ಕೋಣೆಯ ಕತೆ ಅವನಿಗೆ ಗೊತ್ತಿರಲಿಲ್ಲ. ಅಷ್ಟು ಹೊತ್ತಿಗೆ ಅಡಿಲೇಡ್ ರೈಲು ಹೊರಟಾಗಿತ್ತು. ವೆಂಡೆಲ್ ಅದರಲ್ಲಿದ್ದನೋ ಇಲ್ಲವೋ, ಯಾದವನಿಗೆ ಗೊತ್ತಿಲ್ಲ.

ವರ್ಷದ ಮೇಲೆ ನಾಚಿಕೆ ಬಿಟ್ಟು ಭವ್ಯಶ್ರೀಗೆ ಎಲ್ಲ ಹೇಳಿ ವಾಗಾದ ಪೊಲೀಸರಿಗೆ ಒಂದು ಕಾಗದ ಬರೆಸಿದ. ಯಾರ ವಿಳಾಸವನ್ನೂ ಕೊಡುವ ಹಾಗಿಲ್ಲ ಎಂದು ಮರ್ಯಾದೆಯಿಂದಲೇ ಉತ್ತರ ಬಂತು. ವೆಂಡೆಲ್ ಎಂಬ ಅರ್ಧ ಹೆಸರು, ಒಹಾಯೊ, ಶಾಲಾ ಬಸ್ಸು, ಇಷ್ಟರಿಂದ ಅಮೆರಿಕದಲ್ಲಿ ಯಾರನ್ನು ಹುಡುಕುವುದು? ಭಾವನ ಕೊರಿಯರ್ ಮಾತಿಗೆ ಯಾದವ ಸಿಕ್ಕಿದಾಗೆಲ್ಲ ಬಡ್ಡಿ ಸಮೇತ ಉತ್ತರ ಕೊಡುತ್ತಾನೆ. ಆ ಮುದುಕನಿಗೆ ಕೊಡಬೇಕಾಗಿದ್ದ ಎರಡಕ್ಷರ ಮಾತ್ರ ಕೊಡದೆಯೇ ಉಳಿದಿದೆ.