ಗಾಡಿ ಬೋಳಿಸುವ ಶಿವಮಲ್ಲ

ಹುಲ್ಲಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿರುವ ಶಿವಮಲ್ಲ ಮೆಕಾನಿಕ್ಕು, ಆದರೆ ಕೆಟ್ಟ ಗಾಡಿಯನ್ನು ಅವನು ರಿಪೇರಿ ಮಾಡಿದ್ದನ್ನು ನಾನು ಕಂಡಿಲ್ಲ. ಚೆನ್ನಾಗಿ ಓಡುವ ಹಳೆಯ ಬುಲೆಟ್ಟುಗಳನ್ನೇ ಜನ ತಂದು ನಿಲ್ಲಿಸುತ್ತಾರೆ, ಅವನು ಮಡ್‌ಗಾರ್ಡು, ಕ್ಯಾರಿಯರು, ಸೀರೆ ಸಿಕ್ಕದ ಹಾಗೆ ಹಾಕಿದ ಜಾಲರಿ ಎಲ್ಲವನ್ನೂ ಬಿಚ್ಚಿ ಗೋಡೆಗೆ ಒರಗಿಸುತ್ತಾನೆ. ದುಡ್ಡು ಕೊಟ್ಟು ಹಾಕಿಸಿಕೊಳ್ಳುವುದು ನನಗೆ ಗೊತ್ತು, ಕೊಟ್ಟು ತೆಗೆಸಿಕೊಳ್ಳುವುದು ಯಾವ ನ್ಯಾಯವೋ ತಿಳಿಯದು. ಕೇಳಿದರೆ, "ವಜ್ಜೆ ಕಣವ್ವ, ಸುಮ್ನೆ ವಜ್ಜೆ," ಎನ್ನುತ್ತಾನೆ. ಬಿಟ್ಟರೆ ಇಡ್ಲಿಯ ಪಕ್ಕದ ಚಟ್ನಿಯನ್ನೂ ವಜ್ಜೆ, ಭಾರ ಎಂದು ತೆಗೆದಿಡುವ ಆಸಾಮಿ. ಬಿಚ್ಚುವುದಕ್ಕೆ ಯಾರನ್ನೂ ಕೇಳುವುದಿಲ್ಲ. ಕಂಪನಿಯವರು ಕೊಟ್ಟ ಚಾಸಿಯನ್ನು, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟನ್ನು, ಕುಯ್ಯುವಾಗ ಮಾತ್ರ, ಫಲ ಕೊಡುವ ಮರ ಕಡಿಯುವವರಂತೆ, ಕಂಬಿಗೆ ಅರಿಶಿನದ ನೀರು ಚಿಮುಕಿಸಿ, ಗಾಡಿಯವರ ಮನೆಯ ಹೆಂಗಸಿನಿಂದ ಹೂಂ ಅನ್ನಿಸಿಕೊಂಡೇ ಕುಯ್ಯುವ ಕರೆಂಟ್ ಮಿಷನ್ನು ಮುಟ್ಟುತ್ತಾನೆ, ಫೋನಿನಲ್ಲಾದರೂ ಸರಿ. ಮೊನ್ನೆ ನನ್ನ ಮಗ ಉಮಾಪತಿ, ತೀರಿಹೋದ ನಮ್ಮ ಯಜಮಾನರ ಗಾಡಿಯನ್ನೇ ಬೋಳಿಸಲು ಕೊಟ್ಟ. ಅದರ ಹಿಂದೆ ಕೂತು ನಾನು ಧರ್ಮಸ್ಥಳ, ಊಟಿ ಕಂಡವಳು. ಶಿವಮಲ್ಲ ಅರಿಶಿನದ ನೀರಿನ ಲೋಟ ಹಿಡಿದು, "ಈ ಇಂದ್ಗಡೆ ಕಂಬಿ ಕುಯ್ದ್ರೆ ಇನ್ನು ಒಬ್ರೇ ಕೂರಾದು. ಕುಯ್ಲಾ ಅವ್ವ?" ಎಂದ. ಗಾಡಿ ಈಗ ಮಗನದು, ಬೇಡವೆನ್ನಲು ನಾನು ಯಾರು. ಹೂಂ ಅನ್ನದೆ ಸೆರಗಿನಿಂದ ಆ ಕಂಬಿಯ ಧೂಳು ಒರೆಸಿದೆ. ಅವನು ನನ್ನ ಮುಖ ನೋಡಿ ಲೋಟವನ್ನು ಕೆಳಗಿಟ್ಟ. "ಓಗ್ಲಿ ಬುಡವ್ವ, ನಿಮ್ ಮಗಂಗೆ ಕರೆಂಟಿಲ್ಲ ಅಂತ ಯೋಳ್ತೀನಿ," ಎಂದ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.